ಮೂಲ ಮನೆ ಕೇಳಬೇಡಿ, ಧಕ್ಕೆ ಕೇಳಿ: ಶರಾವತಿ ಹೊಳೆಗುಂಟ ನಮ್ಮ ಹಿರಿಯರನ್ನು ಹುಡುಕಿದ ನಾಲ್ಕು ದಿನ

ನಿಮ್ಮ ಅಜ್ಜನೋ ಮುತ್ತಜ್ಜನೋ ಹೊಳೆಯಲ್ಲಿ ದೋಣಿ ಹಾಕಿ ವ್ಯಾಪಾರ ಮಾಡುತ್ತಿದ್ದರು ಅಂತ ಮನೆಯಲ್ಲಿ ಮಾತಿದ್ದು, ಆ ಕಡೆ ಒಂದು ಸಲ ಹೋಗಿ ಬರೋಣ ಅಂತ ನೀವೂ ಯೋಚನೆ ಮಾಡುತ್ತಿದ್ದರೆ, ಇದನ್ನು ಓದಿಕೊಂಡು ಹೋಗಿ. ನಾವು ಏನೂ ಗೊತ್ತಿಲ್ಲದೆ ಹೋದವರು. ನಾಲ್ಕು ದಿನದಲ್ಲಿ ಮೊದಲ ಒಂದೂವರೆ ದಿನ ಸುಮ್ನೆ ಹಾಳಾಯಿತು. ಅದು ನಿಮಗಾದರೂ ಉಳಿಯಲಿ. ಧಕ್ಕೆ ಅಂದರೆ ದೋಣಿ ನಿಲ್ಲಿಸಿ ಮಾಲು ಇಳಿಸುವ ಹೊಳೆ ದಂಡೆಯ ಕಟ್ಟೆ.

ನಮ್ಮದು ಸಾಗರ. ಅಪ್ಪನದು ಜಿನಸಿ ಅಂಗಡಿ, ಅಜ್ಜನದೂ ಅದೇ. ಅದಕ್ಕಿಂತ ಹಿಂದೆ ಏನು ಅಂತ ಕೇಳಿದರೆ "ನಾವು ಘಟ್ಟದ ಕೆಳಗಿನವರು, ಹೊಳೆ ವ್ಯಾಪಾರದವರು" ಅನ್ನುವ ಒಂದೇ ಮಾತು. ಯಾವ ಹೊಳೆ? ಶರಾವತಿ. ಅಲ್ಲಿವರೆಗೆ ಎಲ್ಲರದೂ ಒಂದೇ ಉತ್ತರ. ಯಾವ ಊರು ಅಂದರೆ ಮಾತ್ರ ಜಗಳ. ಅಪ್ಪ ಹೊನ್ನಾವರ ಅನ್ನುತ್ತಿದ್ದರು, ದೊಡ್ಡಪ್ಪ ಗೇರುಸೊಪ್ಪೆ ಅಂತ ಪಟ್ಟು ಹಿಡಿಯುತ್ತಿದ್ದರು. ಸೋದರತ್ತೆಗೆ ಈಗ 84 ವರ್ಷ. ಅವರ ಹತ್ತಿರ ಒಂದು ಕೆಂಪು ಬಟ್ಟೆಯ ಗಂಟಿತ್ತು. ಬಿಚ್ಚಿದರೆ ಎರಡು ಲೆಕ್ಕದ ಪುಸ್ತಕ, ಒಂದು ಮರದ ಕೊಳಗ. ಕೊಳಗದ ಬಾಯಿಗೆ ಹಿತ್ತಾಳೆ ಪಟ್ಟಿ, ಒಂದು ಕಡೆ ಮಾತ್ರ ಸವೆದು ತೆಳ್ಳಗಾಗಿದೆ. ಅಕ್ಕಿ ಅಳೆದು ಬಲಗೈಯಿಂದ ಮೇಲೆ ಸವರಿ ಸವರಿ ಸವೆದದ್ದು ಅಂತ ಅತ್ತೆ ಹೇಳಿದರು. ನಾನು ಬೆರಳಿಟ್ಟು ನೋಡಿದೆ, ಹೌದು, ಸರಿಯಾಗಿ ಅಂಗೈ ಕೂರುವಷ್ಟು ಜಾಗ.

ಹೊರಡುವ ಮೊದಲು ಮಾಡಬೇಕಾದ ಕೆಲಸ ಜಾಸ್ತಿ ಇದೆ, ಅದನ್ನೇ ಮೊದಲು ಹೇಳುತ್ತೇನೆ.

ಮನೆಯಲ್ಲಿ ಲೆಕ್ಕದ ಪುಸ್ತಕ ಇದ್ದರೆ ಅದನ್ನು ಓದಿಸಿಕೊಂಡೇ ಹೊರಡಿ. ನಮ್ಮದು ಕನ್ನಡವೇ, ಆದರೆ ಮೋಡಿ ಕೈಬರಹ. ಕೈ ಎತ್ತದೆ ಒಂದಕ್ಕೊಂದು ಸೇರಿಸಿ ಬರೆದ ಅಕ್ಷರ. ನನಗೆ ಎಂಟು ದಿನ ಕೂತರೂ "ಉಪ್ಪು" ಅನ್ನುವ ಪದ ಬಿಟ್ಟು ಬೇರೇನೂ ಬಿಡಿಸಲಾಗಲಿಲ್ಲ. ಕೊನೆಗೆ ಹಳೆ ಕಂದಾಯ ಕಡತ ಓದಿ ಅಭ್ಯಾಸವಿರುವ, ನಿವೃತ್ತರಾದ ಒಬ್ಬ ಗುಮಾಸ್ತರು ಸಿಕ್ಕಿದರು. ಎರಡು ಬೆಳಿಗ್ಗೆ ಕೂತು ಓದಿಕೊಟ್ಟರು. ದುಡ್ಡು ಬೇಡ ಅಂದರು, ಒಂದು ಕೇಜಿ ಅಡಿಕೆ ತೆಗೆದುಕೊಂಡರು. ನಿಮ್ಮ ತಾಲ್ಲೂಕಿನಲ್ಲೂ ಇಂಥವರು ಒಬ್ಬರಾದರೂ ಇರುತ್ತಾರೆ. ಹಳೆ ಶಾನುಭೋಗರ ಮನೆತನದವರನ್ನು, ನಿವೃತ್ತ ಸರ್ವೆಯವರನ್ನು, ಸಬ್ ರಿಜಿಸ್ಟ್ರಾರ್ ಕಚೇರಿ ಎದುರಿನ ದಸ್ತಾವೇಜು ಬರಹಗಾರರನ್ನು ಕೇಳಿ.

ಪುಟಗಳನ್ನು ಮೊದಲು ಫೋಟೋ ತೆಗೆದುಕೊಳ್ಳಿ. ಫ್ಲ್ಯಾಶ್ ಬೇಡ, ಬೆಳಿಗ್ಗೆ ಕಿಟಕಿ ಪಕ್ಕ ಓರೆ ಬೆಳಕಿನಲ್ಲಿ ತೆಗೆದರೆ ಮಾಸಿದ ಮಸಿಯೂ ಕಾಣುತ್ತದೆ. ಹರಿದ ಪುಟಕ್ಕೆ ಅಂಟು ಟೇಪ್ ಹಚ್ಚಬೇಡಿ. ನಮ್ಮ ಮನೆಯಲ್ಲಿ ಯಾರೋ ಪುಣ್ಯಾತ್ಮರು ಹಚ್ಚಿದ್ದರು, ಆ ಪುಟದ ಕೆಳಗಿನ ಮೂರು ಸಾಲು ಹಳದಿಯಾಗಿ ಹೋಗಿಯೇಬಿಟ್ಟಿದೆ.

ಅಂಕಿಗಳಲ್ಲೂ ಒಂದು ಗುಟ್ಟಿದೆ. "೫।।।" ಅಂತ ಇದ್ದರೆ ಐದು ಸಾವಿರದ ನೂರ ಹನ್ನೊಂದು ಅಲ್ಲ. ಉದ್ದ ಗೀಟು ಒಂದೊಂದೂ ಕಾಲು ರೂಪಾಯಿ. ಅಂದರೆ ಅದು ಐದೂಮುಕ್ಕಾಲು, 5 ರೂಪಾಯಿ 12 ಆಣೆ. ನಾನು ಮೊದಲು ಓದಿದಾಗ ನಮ್ಮ ಮುತ್ತಜ್ಜ ಭಾರೀ ಸಾಹುಕಾರ ಅಂದುಕೊಂಡು ಅಣ್ಣನಿಗೆ ಫೋನ್ ಕೂಡ ಮಾಡಿದ್ದೆ. ಇರಲಿ.

ಆಮೇಲೆ ಇಸವಿ. ಹಳೆ ಲೆಕ್ಕದಲ್ಲಿ ಇಸವಿ ಇರುವುದೇ ಇಲ್ಲ, ಸಂವತ್ಸರ ಇರುತ್ತದೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮತ್ತೆ ಬರುತ್ತದಲ್ಲ, ಅದೇ ತಲೆನೋವು. ನಮ್ಮ ದಪ್ಪ ಪುಸ್ತಕದ ಮೇಲೆ "ಪಾರ್ಥಿವ ಸಂವತ್ಸರದ ಕಾರ್ತಿಕ" ಅಂತಿತ್ತು. ಪಾರ್ಥಿವ 1885ರಲ್ಲೂ ಬಂದಿತ್ತು, 1945ರಲ್ಲೂ ಬಂದಿತ್ತು. ಯಾವುದು? ಮನೆಯವರೆಲ್ಲ 1885 ಅಂತಲೇ ಆಸೆಪಟ್ಟರು, ಹಳೆಯದಾದಷ್ಟೂ ಗೌರವ ನೋಡಿ. ಹದಿನೇಳನೆಯ ಪುಟದಲ್ಲಿ ಖರ್ಚಿನ ಕಡೆ "ಮೋಟಾರು ಬಾಡಿಗೆ" ಅಂತ ಸಿಕ್ಕಿತು. ಅಲ್ಲಿಗೆ ವಾದ ಮುಗಿಯಿತು. ಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಇದ್ದಲಿನಿಂದ ಓಡುತ್ತಿದ್ದ ಬಸ್ಸಿನ ಕಥೆಯನ್ನು ಅತ್ತೆ ಎಷ್ಟೋ ಸಲ ಹೇಳಿದ್ದರು, ಅದೂ ಹೊಂದಿಕೊಂಡಿತು. ನಿಮ್ಮ ಪುಸ್ತಕದಲ್ಲೂ ಇಂಥ ಒಂದು ಸಾಲು ಹುಡುಕಿ. ಮೋಟಾರು, ರೇಷನ್, ತಂತಿ, ರೈಲು, ಏನಾದರೂ. ಆಣೆ ಲೆಕ್ಕ ಬಿಟ್ಟು ನಯಾಪೈಸೆ ಬಂದಿದ್ದರೆ ಅದು 1957ರ ಏಪ್ರಿಲ್ ನಂತರದ್ದು. ಬರೇ ಶಕ ವರ್ಷ ಬರೆದಿದ್ದರೆ ಅದಕ್ಕೆ 78 ಕೂಡಿಸಿದರೆ ಇಸವಿ ಬರುತ್ತದೆ.

ಇಷ್ಟೆಲ್ಲ ಓದಿದ ಮೇಲೆ ಒಂದು ವಿಚಿತ್ರ ಗೊತ್ತಾಯಿತು. ಎರಡೂ ಪುಸ್ತಕದಲ್ಲಿ ನಮ್ಮವರ ಹೆಸರೇ ಇಲ್ಲ! ಯೋಚಿಸಿದರೆ ಸರಿಯೇ. ಸ್ವಂತ ಕಿರ್ದಿಯಲ್ಲಿ ಯಾರು ತಮ್ಮ ಹೆಸರು ಬರೆದುಕೊಳ್ಳುತ್ತಾರೆ? ಇರುವುದೆಲ್ಲ ಬೇರೆಯವರ ಹೆಸರು. ಯಾರಿಗೆ ಎಷ್ಟು ಉಪ್ಪು ಕೊಟ್ಟಿತು, ಯಾರ ಮೆಣಸಿಗೆ ಎಷ್ಟು ಮುಂಗಡ, ಯಾರದು ಬಾಕಿ. ಮೇಲಕ್ಕೆ ಹೋಗುತ್ತಿದ್ದದ್ದು ಸಾಣಿಕಟ್ಟೆ ಉಪ್ಪು, ಒಣಮೀನು, ತೆಂಗಿನಕಾಯಿ, ಎಣ್ಣೆ, ಜವಳಿ, ಹಂಚು. ಕೆಳಕ್ಕೆ ಬರುತ್ತಿದ್ದದ್ದು ಅಡಿಕೆ, ಮೆಣಸು, ಬೆಲ್ಲ, ಅಕ್ಕಿ, ಅಳಲೆಕಾಯಿ. ಗೇರುಸೊಪ್ಪೆಯಿಂದ ಮುಂದೆ ದೋಣಿ ಹೋಗುವುದಿಲ್ಲ, ಅಲ್ಲಿಂದ ಘಟ್ಟ. ಹಿಂದಿನ ಕಾಲದಲ್ಲಿ ಹೇರೆತ್ತುಗಳ ಮೇಲೆ, ಆಮೇಲೆ ಗಾಡಿಯಲ್ಲಿ, ಕೊನೆಗೆ ಆ ಮೋಟಾರಿನಲ್ಲಿ. ನಮ್ಮವರನ್ನು ಹೊಳೆಯಿಂದ ಎತ್ತಿ ಸಾಗರದ ಅಂಗಡಿಯಲ್ಲಿ ಕೂರಿಸಿದ್ದು ಆ ಹದಿನೇಳನೆಯ ಪುಟದ ಮೋಟಾರೇ ಅಂತ ನನ್ನ ಅಂದಾಜು. ಲಾರಿ ನೇರವಾಗಿ ಘಟ್ಟ ಹತ್ತುತ್ತದೆ ಅಂದ ಮೇಲೆ ದೋಣಿಗೆ ತುಂಬಿ, ಇಳಿಸಿ, ಮತ್ತೆ ತುಂಬುವ ಕೆಲಸ ಯಾರಿಗೆ ಬೇಕು?

ಹಾಗಾಗಿ ಇಂಥ ಮನೆತನದವರಿಗೆ ನನ್ನ ಮುಖ್ಯ ಸಲಹೆ ಇಷ್ಟೇ: ನಿಮ್ಮವರ ಗುರುತು ನಿಮ್ಮ ಮನೆಯಲ್ಲಿ ಇರುವುದಿಲ್ಲ. ಅವರಿಂದ ಉಪ್ಪು ಕೊಂಡವರ, ಸಾಲ ತೆಗೆದುಕೊಂಡವರ, ಗೇಣಿ ಮಾಡಿದವರ ಮನೆಯಲ್ಲಿರುತ್ತದೆ. ಲೆಕ್ಕದ ಪುಸ್ತಕದಲ್ಲಿರುವ ಊರುಗಳ ಹೆಸರು ಬರೆದುಕೊಂಡು, ಗಿರಾಕಿಗಳ ಊರಿಗೆ ಹೋಗಿ.

ಕಚೇರಿ ಕಾಗದದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಟಿಪ್ಪು ಸತ್ತ 1799ರ ನಂತರ ಇಡೀ ಕೆನರಾ ಮದ್ರಾಸಿನ ಕೈಯಲ್ಲಿತ್ತು. 1862ರಲ್ಲಿ ಉತ್ತರ ಕನ್ನಡ ಮಾತ್ರ ಮುಂಬೈ ಪ್ರಾಂತ್ಯಕ್ಕೆ ಹೋಯಿತು, ಕುಂದಾಪುರದಿಂದ ದಕ್ಷಿಣಕ್ಕೆ ಮದ್ರಾಸಿನಲ್ಲೇ ಉಳಿಯಿತು. 1956ರವರೆಗೆ ಹಾಗೇ. ಅದಕ್ಕೇ ಹೊನ್ನಾವರದವರ ಹಳೆ ಕಡತ ಬೆಂಗಳೂರಿನಲ್ಲಿ ಹುಡುಕಿ ಸಿಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. 1862ರ ನಂತರದ್ದಕ್ಕೆ ಮುಂಬೈಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರ, ಅದಕ್ಕೂ ಮುಂಚಿನದಕ್ಕೆ ಚೆನ್ನೈಯ ತಮಿಳುನಾಡು ಪತ್ರಾಗಾರ. ಎರಡು ಕಡೆಯೂ ಪತ್ರ ಬರೆದು ವಿಚಾರಿಸಿಯೇ ಹೋಗಿ. ಮನೆಯಲ್ಲೇ ಕೂತು ಓದಲು 1883ರ ಮುಂಬೈ ಪ್ರಾಂತ್ಯದ ಗೆಜೆಟಿಯರಿನ ಕೆನರಾ ಸಂಪುಟ ಇದೆ, ಎರಡು ಭಾಗ, ಅಂತರ್ಜಾಲದಲ್ಲಿ ಪುಕ್ಕಟೆ. ಬಂದರುಗಳು, ದೋಣಿಗಳ ಬಗೆ, ವ್ಯಾಪಾರ ಎಲ್ಲ ಅದರಲ್ಲಿದೆ. ಹೊರಡುವ ಮುಂಚೆ ಹೊನ್ನಾವರ, ಗೇರುಸೊಪ್ಪೆ ಅಂತ ಹುಡುಕಿ ಆ ಪುಟಗಳನ್ನಷ್ಟೇ ಓದಿದರೂ ಸಾಕು.

ಇನ್ನೊಂದು, ಶ್ರಾದ್ಧ ಮಾಡಿಸುವ ಭಟ್ಟರನ್ನು ಕೇಳಿ ಮೂರು ತಲೆಮಾರಿನ ಹೆಸರು ಬರೆದುಕೊಳ್ಳಿ. ಮನೆಯವರು ಮರೆತರೂ ಸಂಕಲ್ಪದಲ್ಲಿ ಆ ಹೆಸರು ಉಳಿದಿರುತ್ತದೆ. ನಮಗೆ ಮುತ್ತಜ್ಜನ ಅಪ್ಪನ ಹೆಸರು ಸಿಕ್ಕಿದ್ದು ಹಾಗೆ.

ಈಗ ಪ್ರಯಾಣ. ಚಿಕ್ಕಪ್ಪ, ನಾನು, ಇಬ್ಬರೇ. ಡಿಸೆಂಬರ್ ಕೊನೆ. ನವೆಂಬರಿನಿಂದ ಫೆಬ್ರವರಿವರೆಗೆ ಹೋಗಿ. ಮಾರ್ಚ್ ಆಯಿತೆಂದರೆ ಘಟ್ಟದ ಕೆಳಗೆ ಬೆವರು ಒರೆಸಿಯೇ ದಿನ ಹೋಗುತ್ತದೆ. ಮಳೆಗಾಲದಲ್ಲಿ ನೋಡಲು ಚಂದ ನಿಜ, ಆದರೆ ದೋಣಿ ಹತ್ತುವ ಮಾತೇ ಇಲ್ಲ. ಬೆಂಗಳೂರಿನಿಂದ ಬರುವವರಿಗೆ ಕಾರವಾರದ ರೈಲಿದೆ, ಹೊನ್ನಾವರ ಸ್ಟೇಷನ್ ಕೊಂಕಣ ರೈಲ್ವೆ ಮೇಲಿದೆ. ನಾವು ಸಾಗರದಿಂದ ಘಟ್ಟ ಇಳಿದು ಬಸ್ಸಿನಲ್ಲಿ ಹೋದೆವು. ಮಾವಿನಗುಂಡಿ ದಾಟಿ ಇಳಿಯುವಾಗ ಎಡಗಡೆ ಕಿಟಕಿ ಸಿಕ್ಕರೆ ಬಿಡಬೇಡಿ, ಕಣಿವೆ ಆ ಕಡೆಗೇ. ಸಿಂಗಳೀಕ ಇರುವ ಕಾಡು ಅದು. ನಮಗೆ ಕಾಣಿಸಿದ್ದು ಮಾಮೂಲಿ ಮಂಗ.

ವಸತಿ ಹೊನ್ನಾವರದಲ್ಲೇ ಮಾಡಿ. ಲಾಡ್ಜುಗಳಿವೆ. ನಾವು ಫೋನಿನಲ್ಲೇ ಕಾದಿರಿಸಿದ್ದ ಒಂದು ಕಡೆ ಹೋದರೆ "ರೂಮ್ ಕೊಟ್ಟಾಯ್ತಲ್ಲ" ಅಂದರು. ರಾತ್ರಿ ಒಂಬತ್ತಕ್ಕೆ ಬ್ಯಾಗ್ ಹೊತ್ತು ಬೇರೆ ಹುಡುಕಬೇಕಾಯಿತು. ಮುಂಗಡ ಕಳಿಸಿ, ರಸೀದಿ ಫೋನಿನಲ್ಲಿ ಇಟ್ಟುಕೊಳ್ಳಿ, ಅಷ್ಟೇ. ಊಟಕ್ಕೆ ತೊಂದರೆ ಇಲ್ಲ. ಕುಚಲಕ್ಕಿ ಅನ್ನ, ಬಂಗುಡೆ ತಿನ್ನುವವರಿಗೆ ಸ್ವರ್ಗ. ನಮ್ಮ ಚಿಕ್ಕಪ್ಪನಂಥ ಸಸ್ಯಾಹಾರಿಗಳಿಗೆ ಅಪ್ಪೆಹುಳಿ ಸಿಗುವ ಕಡೆ ಕೇಳಿಕೊಂಡು ಹೋಗಬೇಕು.

ಮೊದಲ ದಿನ ನಾವು ಮಾಡಿದ ತಪ್ಪು ಹೇಳಿದೆನಲ್ಲ. ಪೇಟೆಯಲ್ಲಿ, ಬಂದರಿನಲ್ಲಿ, ದೇವಸ್ಥಾನದಲ್ಲಿ ಎಲ್ಲ ನಮ್ಮ ಅಡ್ಡಹೆಸರು ಹೇಳಿ "ಇವರ ಮೂಲ ಮನೆ ಎಲ್ಲಿ?" ಅಂತ ಕೇಳಿದ್ದು. ಆ ಹೆಸರಿನವರು ಬೇಕಾದಷ್ಟು ಜನ ಇದ್ದರು. ಎಲ್ಲರೂ ಕೂರಿಸಿ ಮಾತಾಡಿಸಿದರು, ಕೋಕಂ ಶರಬತ್ತು ಕೊಟ್ಟರು. ಯಾರೂ ನಮ್ಮವರಲ್ಲ. ನಾಲ್ಕನೆಯ ಲೋಟ ಶರಬತ್ತಿಗೆ ಚಿಕ್ಕಪ್ಪ ಕೈ ಮುಗಿದರು. ಮಾರನೆ ದಿನ ಮಧ್ಯಾಹ್ನ ಉಪ್ಪೋಣಿಯಲ್ಲಿ ನಮ್ಮ ಕಣ್ಣು ತೆರೆಸಿದ್ದು ಒಬ್ಬ ಹಿರಿಯರು. ಹೊಳೆಯ ದಂಡೆಯ ಈ ಊರುಗಳಲ್ಲಿ ಕರಾವಳಿಯ ಮುಸ್ಲಿಂ ಸಮುದಾಯವಾದ ನವಾಯತರ ಹಳೆ ಮನೆಗಳಿವೆ, ಅವರೂ ತಲೆಮಾರುಗಳಿಂದ ವ್ಯಾಪಾರದವರು. ರಸ್ತೆ ಪಕ್ಕದ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದಾಗ ನಮ್ಮ ಪ್ರಶ್ನೆ ಕೇಳಿಸಿಕೊಂಡು ಅವರೇ ಕರೆದರು.

"ಹೊಳೆ ವ್ಯಾಪಾರದವ್ರಿಗೆ ಮೂಲ ಮನೆ ಎಲ್ಲಿಂದ ಬರ್ತದೆ ತಮಾ? ಮಳೆಗಾಲ ಒಂದು ಕಡೆ, ಬೇಸಿಗೆ ಒಂದು ಕಡೆ. ಮನೆ ಕೇಳ್ಬೇಡಿ, ಯಾವ ಧಕ್ಕೆಗೆ ಮಾಲು ಇಳಿಸ್ತಿದ್ರು, ಅದು ಕೇಳಿ."

ಅದೂ ಅಲ್ಲದೆ ಇನ್ನೊಂದು ಹೇಳಿದರು. ಇಂಥವರಿಗೆ ಎರಡು ಹೆಸರಿರುತ್ತದಂತೆ. ಕೆಳಗೆ ಬಂದರಿನಲ್ಲಿ ಅವರು "ಗೇರುಸೊಪ್ಪೆಯವರು". ಮೇಲೆ ಗೇರುಸೊಪ್ಪೆಯಲ್ಲಿ ಅವರೇ "ಬಂದರಿನವರು". ಚಿಕ್ಕಪ್ಪ ನನ್ನ ಮುಖ ನೋಡಿದರು. ಅಪ್ಪ, ದೊಡ್ಡಪ್ಪ ಮೂವತ್ತು ವರ್ಷ ಜಗಳಾಡಿದ್ದು ಇದಕ್ಕೇ. ಇಬ್ಬರೂ ಸರಿ.

ಅಲ್ಲಿಂದ ಮುಂದೆ ಕೆಲಸ ಸಲೀಸಾಯಿತು. ಪುಸ್ತಕದಲ್ಲಿದ್ದ ಊರುಗಳ ಪಟ್ಟಿ ತೆಗೆದು ಧಕ್ಕೆ ಎಲ್ಲಿತ್ತು ಅಂತ ಕೇಳುತ್ತಾ ಹೋದೆವು. ಈಗ ಧಕ್ಕೆ ಅಂತ ಕಾಣುವುದು ಕಡಿಮೆ. ಕೆಂಪು ಕಲ್ಲಿನ ನಾಲ್ಕು ಮೆಟ್ಟಿಲು, ಪಕ್ಕದಲ್ಲೊಂದು ಹಳೆ ಮರ, ಅದರ ಮೇಲೆ ಬಟ್ಟೆ ಒಗೆಯುವವರು. ಆದರೆ ಜಾಗ ಮಾತ್ರ ಎಲ್ಲರಿಗೂ ಗೊತ್ತು. ಅರವತ್ತು ದಾಟಿದವರನ್ನು ಕೇಳಿ, ಅದೂ ಸಂಜೆ ಹೊತ್ತು. ಬೆಳಿಗ್ಗೆ ತೋಟದ ಕೆಲಸದಲ್ಲಿರುತ್ತಾರೆ.

ಹೊಳೆಯಲ್ಲಿ ಒಂದು ಸಲ ಹೋಗದಿದ್ದರೆ ಈ ಪ್ರವಾಸಕ್ಕೆ ಅರ್ಥವಿಲ್ಲ. ಹೊನ್ನಾವರ ಸೇತುವೆ ಹತ್ತಿರ ಪ್ರವಾಸಿಗರ ದೋಣಿಗಳಿವೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಸುತ್ತಿಸಿ ಒಂದು ಗಂಟೆಯಲ್ಲಿ ವಾಪಸು ತರುತ್ತಾರೆ. ಚಂದವೇ, ಆದರೆ ನಿಮಗೆ ಬೇಕಾದದ್ದು ಅದಲ್ಲ. ಹೊಳೆ ಮೇಲಕ್ಕೆ ಹೋಗಬೇಕಾದರೆ ಮೀನು ಹಿಡಿಯುವವರ ಮೋಟಾರು ದೋಣಿಯನ್ನು ಮಾತಾಡಿಕೊಳ್ಳಬೇಕು. ದಿನದ ಲೆಕ್ಕಕ್ಕೆ ಮಾತಾಡಿ, ಗಂಟೆ ಲೆಕ್ಕ ಬೇಡ, ಯಾಕೆ ಅಂತ ಈಗ ಹೇಳುತ್ತೇನೆ. ಲೈಫ್ ಜಾಕೆಟ್ ಇದೆಯಾ ಅಂತ ಹತ್ತುವ ಮೊದಲೇ ಕೇಳಿ. ಮೇಲೆ ಗೇರುಸೊಪ್ಪೆಯಲ್ಲಿ ಅಣೆಕಟ್ಟು, ವಿದ್ಯುತ್ ಕೇಂದ್ರ ಇದೆ. ಅಲ್ಲಿಂದ ನೀರು ಬಿಟ್ಟಾಗ ಹೊಳೆ ಏರುತ್ತದೆ, ಅಣೆಕಟ್ಟಿನ ಹತ್ತಿರದ ದಂಡೆಯಲ್ಲಿ ಇಳಿದು ಈಜುವ ಸಾಹಸ ಬೇಡ.

ನಮ್ಮ ದೋಣಿಯ ಹುಡುಗ ಇಪ್ಪತ್ತೈದರವನು, ಪಕ್ಕದಲ್ಲಿ ಅವನ ಮಾವ. ಬೆಳಿಗ್ಗೆ ಏಳಕ್ಕೇ ಬನ್ನಿ ಅಂದಿದ್ದರು. ನಾವು ಇಡ್ಲಿ ತಿಂದು, ಫೋನ್ ಚಾರ್ಜ್ ಮಾಡಿಕೊಂಡು ಒಂಬತ್ತೂವರೆಗೆ ಹೋದೆವು. ಮಾವ ನೀರು ನೋಡಿ, ಆಕಾಶ ನೋಡಿ, ಏನೂ ಹೇಳದೆ ಹತ್ತಿಸಿಕೊಂಡರು. ಮುಕ್ಕಾಲು ಗಂಟೆ ಚೆನ್ನಾಗಿ ಹೋಯಿತು. ಎರಡೂ ಕಡೆ ತೆಂಗು, ನಡುನಡುವೆ ಕುರುವೆಗಳು ಅಂದರೆ ಹೊಳೆಯ ನಡುಗಡ್ಡೆಗಳು, ನೀರಿನ ಮೇಲೆ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಆಮೇಲೆ ಕೆಳಗಿನಿಂದ ಗರಗರ ಅಂತ ಸದ್ದು. ದೋಣಿ ನಿಂತಿತು. ಹುಡುಗ ಮೋಟಾರು ಎತ್ತಿದ, ಗಳ ಹಾಕಿ ನೂಕಿದ. ಗಳ ಮೊಳಕಾಲುದ್ದ ಮರಳಿನಲ್ಲಿ ಇಳಿಯಿತೇ ಹೊರತು ದೋಣಿ ಅಲ್ಲಾಡಲಿಲ್ಲ. ಇಳಿತ ಶುರುವಾಗಿ ಎಷ್ಟೋ ಹೊತ್ತಾಗಿತ್ತು.

"ಈಗ?" ಅಂತ ಚಿಕ್ಕಪ್ಪ ಕೇಳಿದರು.

"ಈಗೆಂತ, ಭರತ ಬರ್ಬೇಕು" ಅಂದರು ಮಾವ. ಭರತ ಅಂದರೆ ಸಮುದ್ರದ ಉಬ್ಬರ, ಅದು ಬಂದರೆ ಹೊಳೆಯ ನೀರೂ ಏರುತ್ತದೆ. ಬೀಡಿ ಹಚ್ಚಿ ತಿರುಗಿ ಕೂತರು.

ನಾಲ್ಕು ಗಂಟೆ ಹೊತ್ತು ಅಲ್ಲೇ! ಬಿಸಿಲು ಏರಿತು, ನೀರು ಇಳಿಯುತ್ತಾ ಹೋಗಿ ದೋಣಿಯ ಸುತ್ತ ಮರಳು ದಿಬ್ಬ ಎದ್ದಿತು, ಅದರ ಮೇಲೆ ಸಣ್ಣ ಏಡಿಗಳು ಓಡಾಡಿದವು, ಒಂದು ಬೆಳ್ಳಕ್ಕಿ ಬಂದು ನಮ್ಮನ್ನೇ ನೋಡುತ್ತಾ ನಿಂತಿತು. ಬೇರೆ ಕೆಲಸವಿಲ್ಲದೆ ನಾನು ಫೋನಿನಲ್ಲಿದ್ದ ಲೆಕ್ಕದ ಪುಸ್ತಕದ ಫೋಟೋಗಳನ್ನು ಒಂದೊಂದಾಗಿ ನೋಡಿದೆ. ಆಗ ಹೊಳೆಯಿತು. ಮೇಲಕ್ಕೆ ಮಾಲು ಹೋದ ದಿನಗಳೆಲ್ಲ ಹೆಚ್ಚುಕಡಿಮೆ ಅಮಾವಾಸ್ಯೆ, ಪಾಡ್ಯ, ಬಿದಿಗೆ, ಇಲ್ಲವೇ ಹುಣ್ಣಿಮೆಯ ಆಸುಪಾಸು. ನಾವು ಇದನ್ನು ಏನೋ ಶಾಸ್ತ್ರ, ಮುಹೂರ್ತ ಅಂದುಕೊಂಡಿದ್ದೆವು. ಮಾವನಿಗೆ ತೋರಿಸಿದೆ. ಅವರು ನಕ್ಕರು. "ಅಮಾಸೆ ಹುಣ್ಣಿಮೆಗೆ ನೀರು ಜೋರು ಏರ್ತದೆ. ಭಾರ ತುಂಬಿದ ದೋಣಿ ಅವತ್ತೇ ಮೇಲೆ ಹೋಗೂದು. ನಿಮ್ಮ ಅಜ್ಜನಿಗೆ ಗೊತ್ತಿತ್ತು, ನಿಮಗೆ ಇಡ್ಲಿ ಬೇಕಿತ್ತು."

ಹಾಗಾಗಿ ಹೊರಡುವ ದಿನ ಗೊತ್ತು ಮಾಡುವಾಗ ಪಂಚಾಂಗ ನೋಡಿ, ನಗಬೇಡಿ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಪ್ರತಿ ದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಭರತ ಏರುವಾಗ ಮೇಲಕ್ಕೆ ಹೋಗಿ, ಇಳಿತದ ಜೊತೆ ಕೆಳಗೆ ಬನ್ನಿ. ದೋಣಿಯವರು ಏಳು ಗಂಟೆ ಅಂದರೆ ಏಳೇ ಗಂಟೆ. ಟೋಪಿ, ಎರಡು ಲೀಟರ್ ನೀರು, ಚಪಾತಿ ಏನಾದರೂ ಇರಲಿ. ನಮ್ಮ ಹತ್ತಿರ ಇದ್ದದ್ದು ಒಂದು ಪೊಟ್ಟಣ ತೊಡದೇವು, ಮನೆಗೆ ಅಂತ ತೆಗೆದುಕೊಂಡದ್ದು. ಹಾಳೆಯಂಥ ಆ ಸಿಹಿಯಲ್ಲಿ ನಾಲ್ಕು ಜನರ ಮಧ್ಯಾಹ್ನ ಕಳೆಯಿತು.

ನೀರು ಏರಿದ ಮೇಲೆ ಸಂಜೆ ಹೊತ್ತಿಗೆ ಪಟ್ಟಿಯಲ್ಲಿದ್ದ ಒಂದು ಊರಿಗೆ ತಲುಪಿದೆವು. ಊರಿನ ಹೆಸರು ಬರೆಯುವುದಿಲ್ಲ, ಕಾರಣ ಓದಿದರೆ ಗೊತ್ತಾಗುತ್ತದೆ. ಧಕ್ಕೆಯಿಂದ ಮೇಲೆ ಅಡಿಕೆ ತೋಟ, ಹಂಚಿನ ಮನೆ. ಅಂಗಳದಲ್ಲಿ ಎಪ್ಪತ್ತು ದಾಟಿದ ಅಮ್ಮ ಅಡಿಕೆ ಹರವುತ್ತಿದ್ದರು. ಲೆಕ್ಕದಲ್ಲಿದ್ದ ಹೆಸರು ಹೇಳಿದೆವು, ಅದು ಅವರ ಮಾವನದೇ. ನಮ್ಮ ಅಜ್ಜನ ಹೆಸರು ಹೇಳಿದ ಕೂಡಲೇ ಅವರ ಕೈ ನಿಂತಿತು.

"ಜಾಗದ ವಿಷಯಕ್ಕೆ ಬಂದದ್ದಾ?"

ಇದಕ್ಕೆ ತಯಾರಾಗಿ ಹೋಗಿ. ವ್ಯಾಪಾರದವರು ಸಾಲಕ್ಕೆ ಬದಲು ಜಮೀನು ಬರೆಸಿಕೊಂಡದ್ದು, ಆಮೇಲೆ ಅದೇ ರೈತರಿಗೆ ಗೇಣಿಗೆ ಕೊಟ್ಟದ್ದು, 1974ರ ಭೂಸುಧಾರಣೆಯಲ್ಲಿ ಅದು ಉಳುವವರಿಗೆ ಹೋದದ್ದು ಕರಾವಳಿಯಲ್ಲಿ ಎಷ್ಟೋ ಕಡೆ ನಡೆದ ಕಥೆ. ನಮಗೆ ಆ ಊರಿನಲ್ಲಿ ಜಮೀನಿತ್ತು ಅಂತಲೇ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಅಂಗಳಕ್ಕೆ ಕಾಲಿಡುವ ಮೊದಲೇ ಹೇಳುತ್ತಿದ್ದೆವು. ಚಿಕ್ಕಪ್ಪ ಚಪ್ಪಲಿ ಬಿಟ್ಟು ಜಗುಲಿಯ ಕೆಳಗೇ ನಿಂತು, "ಇಲ್ಲಮ್ಮ, ಜಾಗ ನಿಮ್ಮದೇ. ನಮಗೆ ಹಿರಿಯರ ಹೆಸರು ಬೇಕಾಗಿತ್ತು ಅಷ್ಟೇ" ಅಂದರು. ಅಷ್ಟಕ್ಕೇ ನಂಬಲಿಲ್ಲ. ಮಗ ತೋಟದಿಂದ ಬಂದು, ನಮ್ಮ ಫೋನಿನ ಫೋಟೋ ನೋಡಿ, ತನ್ನ ಅಜ್ಜನ ಹೆಸರಿನ ಮುಂದೆ "ಉಪ್ಪು 2 ಮಣ, ಬಾಕಿ" ಅಂತ ಇದ್ದದ್ದನ್ನು ಓದಿಸಿಕೊಂಡು ನಕ್ಕ ಮೇಲೆಯೇ ಒಳಗೆ ಕರೆದದ್ದು. "ಬಾಕಿ ಈಗ ಕೊಡ್ಬೇಕಾ?" ಅಂದ.

ನಿಮಗೆ ಇಂಥ ಮನೆಗೆ ಹೋಗಬೇಕಾಗಿ ಬಂದರೆ, ವಕೀಲರನ್ನೋ ಸರ್ವೆಯವರನ್ನೋ ಪರಿಚಯಕ್ಕೆ ಅಂತಲೂ ಕರೆದುಕೊಂಡು ಹೋಗಬೇಡಿ. ಪಹಣಿ ಪ್ರತಿ ಕೈಯಲ್ಲಿ ಹಿಡಿದಿರಬೇಡಿ. ಊರಿನಲ್ಲಿ ಗುರುತಿರುವ ಒಬ್ಬರ ಜೊತೆ ಹೋಗಿ, ಹಣ್ಣೋ ಹೂವೋ ಏನಾದರೂ ತೆಗೆದುಕೊಂಡು ಹೋಗಿ. ಫೋಟೋ ತೆಗೆಯುವ ಮೊದಲು ಕೇಳಿ.

ಚಹಾ ಆದ ಮೇಲೆ ಅಮ್ಮನೇ ಒಳಗಿನಿಂದ ಒಂದು ತಗಡಿನ ಡಬ್ಬಿ ತಂದರು. ಅದರಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಭೂ ನ್ಯಾಯ ಮಂಡಳಿಯ ಆದೇಶ. ಅವರಿಗೆ ಅದು ಮನೆಯ ದೇವರಿದ್ದಂತೆ, ನಮ್ಮ ಕೈಗೆ ಕೊಡಲಿಲ್ಲ, ತಾವೇ ಹಿಡಿದು ತೋರಿಸಿದರು. ಎದುರುದಾರರು ಅಂತ ಮೂರು ಹೆಸರು. ಮೊದಲನೆಯದು ನಮ್ಮಜ್ಜ, ವಾಸ ಸಾಗರ. ಉಳಿದ ಎರಡು ಹೆಸರು ನಾವು ಯಾವತ್ತೂ ಕೇಳಿದ್ದೇ ಅಲ್ಲ. ಅಡ್ಡಹೆಸರು ನಮ್ಮದೇ. ಆ ಇಬ್ಬರ ತಂದೆಯ ಹೆಸರು ಭಟ್ಟರ ಸಂಕಲ್ಪದಲ್ಲಿದ್ದ ಹಳೆ ಹೆಸರೇ, ಅಂದರೆ ಮೊಮ್ಮಗನಿಗೆ ಅಜ್ಜನ ಹೆಸರಿಟ್ಟದ್ದು. ವಾಸ: ಬಸ್ರೂರು.

ಬಸ್ರೂರು! ಚಿಕ್ಕಪ್ಪ ಎರಡು ಸಲ ಓದಿದರು. ಅದು ಕುಂದಾಪುರದ ಹತ್ತಿರ, ಬೇರೆ ಹೊಳೆ, ವಾರಾಹಿ. ಪೋರ್ಚುಗೀಸರ ಕಾಲದಿಂದಲೂ ಅಕ್ಕಿ ವ್ಯಾಪಾರಕ್ಕೆ ಹೆಸರಾದ ಊರು. ಹಾಗಾದರೆ ನಮ್ಮವರು ಒಂದು ಹೊಳೆಯವರಲ್ಲ, ಎರಡು ಹೊಳೆಯವರು. ಅವರಲ್ಲಿ ಅರ್ಧ ಜನ ಮುಂಬೈ ಪ್ರಾಂತ್ಯದಲ್ಲಿ, ಅರ್ಧ ಜನ ಮದ್ರಾಸಿನಲ್ಲಿ. ಮುಂಬೈ ಕಡತವನ್ನೇ ನೋಡುತ್ತಾ ಕೂತಿದ್ದರೆ ಆ ಕವಲು ಸಿಗುತ್ತಲೇ ಇರಲಿಲ್ಲ.

ಕೊನೆಯ ದಿನ ಗೇರುಸೊಪ್ಪೆ. ಹೊನ್ನಾವರದಿಂದ ಸುಮಾರು 30 ಕಿಲೋಮೀಟರ್, ಸಾಗರದ ಹೆದ್ದಾರಿಯಲ್ಲೇ. ನಮ್ಮವರ ಅಂಗಡಿ ಇದ್ದ ಗುರುತು ಏನೂ ಸಿಗಲಿಲ್ಲ, ಸಿಗುವ ಆಸೆಯೂ ಆ ಹೊತ್ತಿಗೆ ಹೋಗಿತ್ತು. ನಗರಬಸ್ತಿಕೇರಿಯ ಚತುರ್ಮುಖ ಬಸದಿಗೆ ಮಾತ್ರ ತಪ್ಪದೆ ಹೋಗಿ. ಕಾಡಿನ ನಡುವೆ ಕಲ್ಲಿನ ಬಸದಿ, ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಯಾವ ಕಡೆಯಿಂದ ಹೋದರೂ ಒಬ್ಬ ತೀರ್ಥಂಕರರು ಎದುರು. ಮೆಣಸಿನ ರಾಣಿ ಅಂತ ಪೋರ್ಚುಗೀಸರು ಕರೆದ ಚೆನ್ನಭೈರಾದೇವಿಯ ಊರು ಇದು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲ ವಾಲೆ ಹೊನ್ನಾವರದಿಂದ ಇದೇ ಹೊಳೆಯಲ್ಲಿ ದೋಣಿ ಹತ್ತಿ ಗೇರುಸೊಪ್ಪೆಗೆ ಬಂದು, ಇಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋದ. ಆಗಲೇ ಹಳೆ ನಗರ ಬಿದ್ದು ಗಿಡಮರ ಬೆಳೆದಿತ್ತು ಅಂತ ಬರೆದಿದ್ದಾನೆ. ನಾಲ್ಕು ನೂರು ವರ್ಷದ ಹಿಂದೆಯೇ ಹಾಗೆ. ಬೇಗ ಹೋಗಿ, ಸಂಜೆ ಆದ ಮೇಲೆ ಅಲ್ಲಿ ಜನ ಇರುವುದಿಲ್ಲ. ಸೊಳ್ಳೆ, ಮಳೆ ಬಿದ್ದ ದಿನವಾದರೆ ಉಂಬಳ (ಜಿಗಣೆ).

ಖರ್ಚು ಕೇಳುವವರಿಗೆ: ಇಬ್ಬರಿಗೆ ನಾಲ್ಕು ದಿನಕ್ಕೆ ಹನ್ನೊಂದು ಸಾವಿರದ ಒಳಗೆ ಮುಗಿಯಿತು. ಅದರಲ್ಲಿ ಮೂರು ಸಾವಿರ ದೋಣಿಗೆ. ಗಂಟೆ ಲೆಕ್ಕದಲ್ಲಿ ಮಾತಾಡಿದ್ದರೆ ಮರಳ ಮೇಲೆ ಕೂತದ್ದಕ್ಕೂ ಕೊಡಬೇಕಿತ್ತು.

ಸಾಗರಕ್ಕೆ ಬಂದು ಅತ್ತೆಗೆ ಆ ಎರಡು ಹೆಸರು ಓದಿ ಹೇಳಿದೆ. "ಓ, ಅಕ್ಕಿ ಮುಡಿ ತರೋವ್ರು" ಅಂದರು. ಮುಡಿ ಅಂದರೆ ಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮೂಟೆ. ಅತ್ತೆಯ ಮದುವೆಗೆ ಹನ್ನೆರಡು ಮುಡಿ ಅಕ್ಕಿ ಬಂದಿತ್ತಂತೆ, ಮನೆಯಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರಂತೆ, ನಿಜವಾದ ಹೆಸರು ಅವರಿಗೂ ಗೊತ್ತಿರಲಿಲ್ಲ. ಮನೆಯ ಹಿರಿಯರನ್ನು ಕೇಳುವಾಗ "ನಮ್ಮ ವಂಶದವರು ಯಾರ್ಯಾರು" ಅಂತ ಕೇಳಬೇಡಿ. ಮದುವೆಗೆ ಅಕ್ಕಿ ಎಲ್ಲಿಂದ ಬಂತು, ಉಪ್ಪು ಯಾರು ತರುತ್ತಿದ್ದರು, ಅಂತ ಕೇಳಿ.

ಆ ಅಮ್ಮನಿಗೆ ಲೆಕ್ಕದ ಪುಸ್ತಕದ ಆ ಒಂದು ಪುಟ ಬೇಕಂತೆ. ಫೋನಿಗೆ ಕಳಿಸಿದ್ದು ಸಾಲದು, ಕಾಗದದ ಮೇಲೆ, ದೊಡ್ಡದಾಗಿ. ಪ್ರಿಂಟ್ ಹಾಕಿಸಿ, ಪ್ಲಾಸ್ಟಿಕ್ ಹೊದಿಸಿ, ಮೊನ್ನೆ ಅಂಚೆಗೆ ಹಾಕಿದ್ದೇನೆ. ಬಾಕಿ ಅಂತ ಇದ್ದ ಕಡೆ ಚಿಕ್ಕಪ್ಪ ಪೆನ್ಸಿಲಿನಲ್ಲಿ "ಚುಕ್ತಾ" ಅಂತ ಬರೆದು ರುಜು ಹಾಕಿದರು.